ಅಪ್ಪ ತುಂಬಿಟ್ಟ ಈಡು

ಅಪ್ಪ ತೀರಿಕೊಂಡು ಒಂದು ತಿಂಗಳಾಗಿತ್ತು. ಜುಲೈ ತಿಂಗಳ ಒಂದು ಬೆಳಿಗ್ಗೆ ಪೊಲೀಸ್ ಠಾಣೆಯಿಂದ ಫೋನ್ ಬಂತು. ಮಾತಾಡಿದವರು ಅಪ್ಪನನ್ನು ಬಲ್ಲವರು. ಪ್ರತಿ ಚುನಾವಣೆಗೂ ಅಪ್ಪ ಕೋವಿ ತಂದು ಜಮಾ ಮಾಡಿ, ರಸೀದಿ ತಗೊಂಡು, ಚಹಾ ಕುಡಿದು ಹೋಗುತ್ತಿದ್ದುದನ್ನು ನೆನಪು ಮಾಡಿಕೊಂಡರು. ಆಮೇಲೆ ಕೇಳಿದರು: "ಈಗ ಆ ಕೋವಿ ಏನು ಮಾಡ್ತೀರಿ?"

ನಮ್ಮ ಹತ್ತಿರ ಉತ್ತರ ಇರಲಿಲ್ಲ. "ಒಂದು ವಾರ ಟೈಮ್ ಕೊಡಿ ಸರ್" ಅಂದೆವು.

ನಾವು ಅಂದರೆ ಅಕ್ಕ, ತಮ್ಮ. ಇಬ್ಬರೂ ಪತ್ರಿಕೋದ್ಯಮ ಓದಿದವರು. ಅಕ್ಕ ಶಿವಮೊಗ್ಗದಲ್ಲಿದ್ದುಕೊಂಡು ಬರೆಯುತ್ತಾಳೆ. ತಮ್ಮ ಹೊಸನಗರ ತಾಲ್ಲೂಕಿನ ನಮ್ಮ ಮನೆಯಲ್ಲಿದ್ದು ಅಡಿಕೆ ತೋಟ ನೋಡಿಕೊಂಡು, ಬಿಡುವಾದಾಗ ಬರೆಯುತ್ತಾನೆ. ಈ ಬರಹ ಇಬ್ಬರೂ ಒಟ್ಟಿಗೆ ಕೂತು ಬರೆದದ್ದು. ಕೋವಿ ವಿಷಯದಲ್ಲಿ ನಮ್ಮಿಬ್ಬರ ಅಭಿಪ್ರಾಯ ಒಂದೇ ಅಲ್ಲ, ಅದನ್ನೂ ಮುಂದೆ ಹೇಳುತ್ತೇವೆ.

ಮಲೆನಾಡಿನವರಿಗೆ ಕೇಪಿನ ಕೋವಿ ಗೊತ್ತು. ಬೇರೆ ಕಡೆಯವರಿಗಾಗಿ ಎರಡು ಮಾತು. ಇದಕ್ಕೆ ತೋಟಾ ಹಾಕುವಂತಿಲ್ಲ. ನಳಿಗೆಯ ಬಾಯಿಂದಲೇ ಮೊದಲು ಮದ್ದು ಸುರಿಯಬೇಕು. ಅದರ ಮೇಲೆ ತೆಂಗಿನ ಕತ್ತ ತುರುಕಿ ಗಜದಿಂದ ಜಡಿಯಬೇಕು. ಗಜ ಅಂದರೆ ನಳಿಗೆಯ ಕೆಳಗೆ ಸಿಕ್ಕಿಸಿಟ್ಟಿರುವ ಉದ್ದನೆಯ ಕಡ್ಡಿ. ಆಮೇಲೆ ಚರೆ, ಅಂದರೆ ಸೀಸದ ಸಣ್ಣ ಗುಂಡುಗಳು. ಅದರ ಮೇಲೆ ಮತ್ತೆ ಕತ್ತ. ಕೊನೆಗೆ ಹಿಂಬದಿಯ ಸಣ್ಣ ಕೊಳವೆಯ ಮೇಲೆ ತಾಮ್ರದ ಕೇಪು ಕೂರಿಸಿ, ಕುದುರೆ ಎತ್ತಿ, ಟ್ರಿಗರ್ ಎಳೆದರೆ ಒಂದು ಈಡು. ಇನ್ನೊಂದು ಈಡು ಬೇಕೆಂದರೆ ಮೊದಲಿಂದ ಎಲ್ಲ ಮಾಡಬೇಕು.

ನಮ್ಮ ಮನೆಯ ಕೋವಿ ಅಜ್ಜಯ್ಯನ ಕಾಲದ್ದು. ಒಂಟಿ ನಳಿಗೆ. ಅಜ್ಜಯ್ಯ ಅದರಲ್ಲಿ ಶಿಕಾರಿ ಮಾಡಿದ್ದರು. ಅಪ್ಪನ ಕಾಲಕ್ಕೆ ಅದು ಬೆಳೆ ರಕ್ಷಣೆಯ ಕೋವಿ ಆಯಿತು. ಲೈಸೆನ್ಸಿನಲ್ಲಿ ಹಾಗೇ ಬರೆದಿದೆ. "ಬರೀ ಶಬ್ದಕ್ಕೆ ಕಣ್ರೋ, ಮದ್ದು, ಕತ್ತ ಅಷ್ಟೇ, ಚರೆ ಹಾಕಲ್ಲ" ಅನ್ನುತ್ತಿದ್ದರು ಅಪ್ಪ. ಮಂಗ ಬಂದಾಗ ತೋಟದ ಅಂಚಿಗೆ ಹೋಗಿ ಆಕಾಶಕ್ಕೆ ಹಿಡಿದು ಒಂದು ಈಡು ಹಾರಿಸುತ್ತಿದ್ದರು. ಮಂಗಗಳು ಆಚೆ ದಿಣ್ಣೆಗೆ ಹೋಗಿ ಕೂತು, ಹೊಗೆ ಚದುರಿದ ಮೇಲೆ ವಾಪಸ್ ಬರುತ್ತಿದ್ದವು.

ಠಾಣೆಯ ಫೋನ್ ಬಂದ ದಿನ ರಾತ್ರಿ ನಾವು ಅಮೆರಿಕದ ಅಣ್ಣನಿಗೆ ವಿಡಿಯೋ ಕಾಲ್ ಮಾಡಿದೆವು. ಅವನು ದೊಡ್ಡಪ್ಪನ ಮಗ. ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ನೆಲೆಸಿ ಇಪ್ಪತ್ತು ವರ್ಷವಾಗಿದೆ, ಈಗ ಅಲ್ಲಿನ ಪ್ರಜೆ. ಅವನಿಗೇ ಯಾಕೆ ಮಾಡಿದೆವು ಅಂದರೆ, ನಮ್ಮ ಮನೆತನದಲ್ಲಿ ಈಗ ಕೋವಿ ವಿಷಯ ಚೆನ್ನಾಗಿ ಗೊತ್ತಿರುವವನು ಅವನೊಬ್ಬನೇ. ಅವನು ಅಲ್ಲಿ ತನ್ನ ಕೈಯಾರೆ ಒಂದು ಚಕಮಕಿ ಕೋವಿ ಮಾಡಿಕೊಂಡಿದ್ದಾನೆ.

ಮಾಡಿಕೊಂಡಿದ್ದಾನೆ ಅಂದರೆ, ಬಿಡಿಭಾಗಗಳನ್ನು ತರಿಸಿ ಜೋಡಿಸಿದ್ದಾನೆ. ಅಲ್ಲಿ ಇಂಥ ಕಿಟ್ ಮಾರುವವರಿದ್ದಾರೆ. ಒಂದು ಉದ್ದನೆ ಪೆಟ್ಟಿಗೆಯಲ್ಲಿ ನಳಿಗೆ, ಕಿಡಿ ಹೊಡೆಸುವ ಯಂತ್ರ, ಅರ್ಧಂಬರ್ಧ ಕೆತ್ತಿದ ಮರದ ಹಿಡಿ, ಹಿತ್ತಾಳೆ ತುಂಡುಗಳು, ಮೊಳೆ, ತಿರುಪು ಎಲ್ಲ ಬರುತ್ತವೆ. ಚಕಮಕಿ ಕೋವಿ ಹಳೇ ಕಾಲದ ಮಾದರಿ ಆದ್ದರಿಂದ ಅಲ್ಲಿನ 1968ರ ಬಂದೂಕು ಕಾಯ್ದೆ ಅದನ್ನು ಪುರಾತನ ವಸ್ತುಗಳ ಸಾಲಿಗೆ ಸೇರಿಸುತ್ತದೆ. ಹೊಸದಾಗಿ ಮಾಡಿದ ನಕಲಿಗೂ ಇದೇ ಲೆಕ್ಕ. ಕೆಲವು ರಾಜ್ಯಗಳಲ್ಲಿ ಬೇರೆ ನಿಯಮ ಇದೆ, ಅವನ ಊರಲ್ಲಿ ಪೆಟ್ಟಿಗೆ ಮನೆ ಬಾಗಿಲಿಗೇ ಬಂತು. ಇದನ್ನು ಕೇಳಿ ಅಪ್ಪ ಬಹಳ ನಕ್ಕಿದ್ದರು. "ನಾನು ಚುನಾವಣೆ ಬಂದಾಗೆಲ್ಲ ಕೋವಿ ಹೊತ್ತು ಬಸ್ಸಿಗೆ ಕಾಯ್ತೀನಿ, ಇವನಿಗೆ ಪೋಸ್ಟಲ್ಲಿ ಬರುತ್ತೆ!"

ಪೆಟ್ಟಿಗೆ ಬಂದರೂ ಕೋವಿ ಆಗಲು ಅವನಿಗೆ ಎರಡು ಚಳಿಗಾಲ ಬೇಕಾಯಿತು. ಮರವನ್ನು ಉಳಿಯಿಂದ ಕೂದಲೆಳೆಯಷ್ಟೇ ಕೆತ್ತಿ ನಳಿಗೆ ಕೂರಿಸಬೇಕು. ಎಲ್ಲಿ ತಾಗುತ್ತದೆ ಅಂತ ತಿಳಿಯಲು ನಳಿಗೆಗೆ ದೀಪದ ಮಸಿ ಹಚ್ಚಿ ಒತ್ತುವುದು, ಮರಕ್ಕೆ ಮಸಿ ಅಂಟಿದ ಜಾಗವನ್ನಷ್ಟೇ ಕೆರೆಯುವುದು. ಮತ್ತೆ ಒತ್ತುವುದು, ಮತ್ತೆ ಕೆರೆಯುವುದು. ನಮ್ಮೂರಲ್ಲಿ ನೇಗಿಲು ಮಾಡುತ್ತಿದ್ದ ಆಚಾರ್ರು ಇದನ್ನು ನೋಡಿದ್ದರೆ ಮೆಚ್ಚುತ್ತಿದ್ದರು.

ಕೊನೆಯ ಕೆಲಸ ಇನ್ನೂ ತಮಾಷೆಯದು. ನಳಿಗೆಯ ಬಿಳಿ ಹೊಳಪು ಹೋಗಿ ಕಂದು ಬಣ್ಣ ಬರಲಿ ಅಂತ ಅವನು ಅದಕ್ಕೆ ಬೇಕಂತಲೇ ತುಕ್ಕು ಹಿಡಿಸಿದ. ತೇವದ ಪೆಟ್ಟಿಗೆಯಲ್ಲಿಟ್ಟು, ತುಕ್ಕು ಬಂದ ಮೇಲೆ ಉಜ್ಜಿ, ಮತ್ತೆ ತುಕ್ಕು ಹಿಡಿಸಿ, ಕೊನೆಗೆ ಎಣ್ಣೆ ಹಚ್ಚಿ ನಿಲ್ಲಿಸುವುದು. ಇಲ್ಲಿ ಅಪ್ಪ ಮಳೆಗಾಲ ಪೂರ್ತಿ ಕೋವಿಗೆ ತುಕ್ಕು ಹತ್ತದಂತೆ ಕೊಬ್ಬರಿ ಎಣ್ಣೆ ಬಟ್ಟೆ ಸುತ್ತಿ, ಒಲೆಯ ಹತ್ತಿರದ ಗೋಡೆಗೆ ನೇತು ಹಾಕುತ್ತಿದ್ದರು.

ಅವನದು ಹಕ್ಕಿ ಹೊಡೆಯುವ ಕೋವಿ. ನಳಿಗೆಯೇ ಮೂರೂವರೆ ಅಡಿ ಉದ್ದ, ಒಳಗೆ ನುಣ್ಣಗೆ, ಚರೆ ಹಾಕಲು ತಕ್ಕದ್ದು. 20 ಗೇಜ್. ಹಾಗೆಂದರೆ ಆ ನಳಿಗೆಯ ಅಗಲಕ್ಕೆ ಎರಕ ಹೊಯ್ದ 20 ಸೀಸದ ಗುಂಡು ಸೇರಿ ಒಂದು ಪೌಂಡ್ ತೂಗುತ್ತವೆ. ಗೇಜಿನ ಲೆಕ್ಕವೇ ಹೀಗೆ. ಅದಕ್ಕೇ 12 ಗೇಜಿನ ನಳಿಗೆ 20 ಗೇಜಿಗಿಂತ ದಪ್ಪ.

ಅದಕ್ಕೂ ನಮ್ಮ ಕೋವಿಗೂ ಇರುವ ವ್ಯತ್ಯಾಸ ಕಿಡಿಯಲ್ಲಿ. ನಮ್ಮದಕ್ಕೆ ಕೇಪು, ಅದಕ್ಕೆ ಚಕಮಕಿ ಕಲ್ಲು. ಕುದುರೆಯ ಬಾಯಲ್ಲಿ ತೊಗಲಿನ ತುಂಡು ಸುತ್ತಿದ ಕಲ್ಲು ಕಚ್ಚಿಸಿರುತ್ತಾರೆ. ಟ್ರಿಗರ್ ಎಳೆದರೆ ಕಲ್ಲು ಹೋಗಿ ಉಕ್ಕಿನ ತಗಡಿಗೆ ಉಜ್ಜಿ ಹೊಡೆಯುತ್ತದೆ. ತಗಡು ಹಿಂದಕ್ಕೆ ಮಗುಚಿ ಕೆಳಗಿನ ಪುಟ್ಟ ಬಟ್ಟಲು ಬಾಯಿ ತೆರೆಯುತ್ತದೆ. ಬಟ್ಟಲಲ್ಲಿ ಚಿಟಿಕೆ ನಯವಾದ ಮದ್ದು. ಕಿಡಿ ಅದಕ್ಕೆ ಬಿದ್ದು ಭಗ್ ಅನ್ನುತ್ತದೆ. ಆ ಬೆಂಕಿ ಪಕ್ಕದ ಸೂಜಿ ತೂತಿನಿಂದ ಒಳಗೆ ಹೋಗಿ ನಳಿಗೆಯ ಮದ್ದಿಗೆ ಹತ್ತಬೇಕು. ಆಮೇಲೆ ಈಡು.

ಇಷ್ಟೆಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ ಆಗುತ್ತದೆ. ಆದರೂ ನಡುವೆ ಒಂದು ಕ್ಷಣ ಇದೆ. ಆ ಕ್ಷಣದಲ್ಲಿ ಹಕ್ಕಿ ಬೆಂಕಿ ಕಂಡು ತಿರುಗಿಬಿಡುತ್ತದೆ. ಸ್ಕಾಟ್ಲೆಂಡಿನ ಬೆಲ್‌ಹೆಲ್ವಿ ಎಂಬ ಊರಿನಲ್ಲಿ ಅಲೆಕ್ಸಾಂಡರ್ ಫೋರ್ಸಿತ್ ಅಂತ ಒಬ್ಬ ಪಾದ್ರಿ ಇದ್ದರು. ಶಿಕಾರಿ ಹುಚ್ಚು. ಬಟ್ಟಲಿನ ಹೊಗೆ, ಬೆಂಕಿ ನೋಡಿ ನೀರುಹಕ್ಕಿಗಳು ತಪ್ಪಿಸಿಕೊಳ್ಳುತ್ತವೆ ಅಂತ ಬೇಸರಪಟ್ಟು, ಪೆಟ್ಟು ಬಿದ್ದರೆ ಸಿಡಿಯುವ ಮದ್ದಿನಿಂದ ಕೋವಿ ಹಾರಿಸುವ ಉಪಾಯ ಹುಡುಕಿ 1807ರಲ್ಲಿ ಪೇಟೆಂಟ್ ಪಡೆದರು. ಮುಂದೆ ಅದೇ ದಾರಿಯಲ್ಲಿ ತಾಮ್ರದ ಕೇಪು ಬಂತು. ನಮ್ಮ ಗೋಡೆಯ ಕೋವಿಯ ಮೂಲಪುರುಷ ಒಬ್ಬ ಪಾದ್ರಿ ಅಂತ ನಮಗೂ ಅಣ್ಣನೇ ಹೇಳಿದ್ದು.

ಹಾಗಂತ ಚಕಮಕಿ ಕೋವಿ ನಮ್ಮ ಸೀಮೆಗೆ ಹೊಸದಲ್ಲ. ಟಿಪ್ಪು ಸುಲ್ತಾನ್ ಕಾಲದಲ್ಲಿ ಶ್ರೀರಂಗಪಟ್ಟಣದಲ್ಲಿ ಒಳ್ಳೊಳ್ಳೆ ಚಕಮಕಿ ಕೋವಿಗಳನ್ನು ಮಾಡುತ್ತಿದ್ದರು. 1799ರಲ್ಲಿ ಪಟ್ಟಣ ಬಿದ್ದ ಮೇಲೆ ಅವುಗಳಲ್ಲಿ ಎಷ್ಟೋ ಇಂಗ್ಲೆಂಡಿಗೆ ಹೋದವು. ಹುಲಿಯ ಚಿತ್ತಾರ ಇರುವ ಅವನ್ನು ಇಂದಿಗೂ ಅಲ್ಲಿನ ಸಂಗ್ರಹಗಳಲ್ಲಿ ನೋಡಬಹುದು. ನಮ್ಮ ತಾಲ್ಲೂಕಿನ ನಗರದಲ್ಲೇ 2018ರಲ್ಲಿ ಒಂದು ಹಳೇ ಬಾವಿಯ ಕೆಸರಲ್ಲಿ ಟಿಪ್ಪು ಕಾಲದ ಕಬ್ಬಿಣದ ರಾಕೆಟ್‌ಗಳು ಸಾವಿರಕ್ಕೂ ಹೆಚ್ಚು ಸಿಕ್ಕಿದ್ದು ನಿಮಗೆ ನೆನಪಿರಬಹುದು. ಆಗ ಅಪ್ಪ ಹೇಳಿದ್ದರು, "ಅಷ್ಟು ವರ್ಷ ನೀರಲ್ಲಿದ್ರೂ ಮದ್ದು ಮದ್ದೇ. ಹುಷಾರಾಗಿ ಎತ್ತಬೇಕು."

ಆ ಮಾತು ನಮಗೆ ಮತ್ತೆ ನೆನಪಾದದ್ದು ಅಣ್ಣನ ಜೊತೆ ಮಾತಾಡಿದ ಆ ರಾತ್ರಿ.

ಠಾಣೆಯ ವಿಷಯ ಹೇಳಿದಾಗ ಅಣ್ಣ ಲೈಸೆನ್ಸಿನ ಬಗ್ಗೆ ಏನೂ ಕೇಳಲಿಲ್ಲ. "ಕೋವಿ ಎಲ್ಲಿದೆ?" ಅಂದ. ಗೋಡೆ ಮೇಲೆ ಅಂದೆವು. "ಖಾಲಿ ಇದೆಯಾ?" ಅಂದ. ಇರಬೇಕು ಅಂದೆವು. "ಇರಬೇಕು ಅನ್ನೋದು ಬೇಡ. ಕುದುರೆ ಮುಟ್ಟಬೇಡಿ. ಬಾಯಿ ಯಾರ ಕಡೆಗೂ ಬೇಡ. ಗಜ ಇಳಿಸಿ ನೋಡಿ" ಅಂದ.

ಆಮೇಲೆ ಫೋನಿನಲ್ಲಿ ತನ್ನ ಕೋವಿಯ ಗಜ ತೋರಿಸಿದ. ಅದರ ಮೇಲೆ ಎರಡು ಗೆರೆ ಕೊರೆದಿದ್ದ. ನಳಿಗೆ ಖಾಲಿ ಇದ್ದಾಗ ಗಜ ತಳದವರೆಗೆ ಇಳಿಯುತ್ತದೆ, ಆಗ ಒಂದು ಗೆರೆ ಬಾಯಿಗೆ ಸರಿಯಾಗಿ ನಿಲ್ಲುತ್ತದೆ. ಈಡು ತುಂಬಿದ್ದರೆ ಗಜ ಅಷ್ಟು ಇಳಿಯುವುದಿಲ್ಲ, ಇನ್ನೊಂದು ಗೆರೆ ನಿಲ್ಲುತ್ತದೆ. ಅಲ್ಲಿ ಮೊದಲ ಸಲ ಶಿಕಾರಿ ಲೈಸೆನ್ಸ್ ಬೇಕಾದರೆ ತರಗತಿಗೆ ಕೂತು ಪಾಸಾಗಬೇಕು. ತುಂಬಿದ ಕೋವಿಯನ್ನು ಮನೆಯೊಳಗೆ ತರಬಾರದು ಅನ್ನುವುದು ಮೊದಲ ಪಾಠಗಳಲ್ಲೇ ಒಂದು ಅಂದ.

ನಮ್ಮ ಗಜದ ಮೇಲೆ ಗೆರೆ ಇರಲಿಲ್ಲ. ಕೋವಿಯನ್ನು ಜಗಲಿಗೆ ತಂದು, ಬಾಯಿಯನ್ನು ಅಂಗಳದ ಕಡೆಗೆ ಮೇಲಕ್ಕೆ ಓರೆ ಹಿಡಿದು, ಮೆಲ್ಲಗೆ ಗಜ ಬಿಟ್ಟೆವು. ಠಣ್ ಅನ್ನಲಿಲ್ಲ. ಮೆತ್ತಗೆ ಏನೋ ತಾಗಿ ನಿಂತಿತು. ಹೊರಗಿಂದ ಅಳೆದು ನೋಡಿದೆವು. ಗಜ ನಾಲ್ಕು ಬೆರಳು ಮೇಲೇ ನಿಂತಿತ್ತು.

ಕೇಪು ಇರಲಿಲ್ಲ, ಅದೊಂದು ಪುಣ್ಯ. ಆದರೆ ಕಾರ್ಯಕ್ಕೆ ಬಂದ ನೆಂಟರ ಮಕ್ಕಳು ಅದೇ ಗೋಡೆಯ ಕೆಳಗೆ ಹತ್ತು ದಿನ ಆಟ ಆಡಿದ್ದರು. ಅಪ್ಪ ಆಸ್ಪತ್ರೆಗೆ ಹೋಗುವ ಮೊದಲು, ಮೇ ತಿಂಗಳಲ್ಲಿ, ಕೊನೆಯದಾಗಿ ತುಂಬಿಟ್ಟ ಈಡು ಅದು. ಅಮ್ಮ ನೋಡಿ ಸುಮ್ಮನೆ ಒಳಗೆ ಹೋದರು.

ಅಣ್ಣ ಆ ರಾತ್ರಿ ಇನ್ನೊಂದು ವಿಡಿಯೋ ಕಳಿಸಿದ. ನಮಗೆ ಸಮಾಧಾನ ಆಗಲಿ ಅಂತಲೋ ಏನೋ. ಹಿಂದಿನ ನವೆಂಬರಿನಲ್ಲಿ ಅವನು ಫೆಸೆಂಟ್ ಹಕ್ಕಿ ಶಿಕಾರಿಗೆ ಹೋದದ್ದು. ಫೆಸೆಂಟ್ ನಮ್ಮ ಕಾಡುಕೋಳಿಯ ಬಳಗದ್ದೇ. ಅವನ ರಾಜ್ಯದಲ್ಲಿ ಸರ್ಕಾರದ ಇಲಾಖೆಯೇ ಈ ಹಕ್ಕಿ ಸಾಕಿ, ಶಿಕಾರಿಯ ಕಾಲಕ್ಕೆ ಬಯಲಿಗೆ ಬಿಡುತ್ತದೆ. ಹೊಡೆಯಲು ಲೈಸೆನ್ಸ್ ಬೇಕು, ಈ ಹಕ್ಕಿಗೆ ಅಂತ ಬೇರೆ ಪರ್ಮಿಟ್ ಬೇಕು, ದಿನಕ್ಕೆ ಇಷ್ಟೇ ಅಂತ ಮಿತಿ ಇದೆ, ದೂರದಿಂದ ಕಾಣುವ ಕಿತ್ತಳೆ ಬಣ್ಣದ ಕೋಟು ತೊಡಬೇಕು.

ವಿಡಿಯೋದಲ್ಲಿ ಒಣಗಿದ ಹುಲ್ಲಿನ ಬಯಲು. ಗೆಳೆಯನ ನಾಯಿ ಮೂಸುತ್ತಾ ಹೋಗುತ್ತದೆ. ಪುರ್ ಅಂತ ಹಕ್ಕಿ ಏಳುತ್ತದೆ. ಅಣ್ಣ ಕೋವಿ ಎತ್ತುತ್ತಾನೆ. ಟಕ್. ಬಟ್ಟಲಲ್ಲಿ ಭಗ್. ಢಂ. ಬಿಳಿ ಹೊಗೆ. ಹೊಗೆ ಹೋದ ಮೇಲೆ ನೋಡಿದರೆ ಹಕ್ಕಿ ಆಚೆ ಬೇಲಿ ದಾಟುತ್ತಿದೆ. ಗೆಳೆಯ ನಗುತ್ತಾನೆ.

"ಯಾಕೆ ತಪ್ಪಿತು ಗೊತ್ತಾ?" ಅಂತ ಅಣ್ಣ ಕೆಳಗೆ ವಾಯ್ಸ್ ಮೆಸೇಜ್ ಹಾಕಿದ್ದ. "ಟ್ರಿಗರ್ ಎಳೆದ ತಕ್ಷಣ ಕೆಲಸ ಮುಗೀತು ಅಂತ ಕೈ ನಿಲ್ಲಿಸಿಬಿಟ್ಟೆ. ಇದರಲ್ಲಿ ಎಳೆದ ಮೇಲೂ ಹಕ್ಕಿ ಜೊತೆಗೇ ನಳಿಗೆ ಹೋಗ್ತಾ ಇರಬೇಕು. ಈಡು ಹೊರಗೆ ಹೋಗೋವರೆಗೂ ನೀನು ಹೊಡೀತಾನೇ ಇರ್ತೀಯ. ಒಂದೊಂದ್ಸಲ ಟಕ್ ಅಂದು ಏನೂ ಆಗಲ್ಲ. ಆಗ ಕೆಳಗಿಳಿಸಬಾರದು, ತಿರುಗಬಾರದು. ಹಾಗೇ ಹಿಡಿದು ಒಂದು ನಿಮಿಷ ನಿಲ್ಲಬೇಕು. ಒಳಗೆ ಮದ್ದು ಕನಲ್ತಾ ಇರಬಹುದು." ಮೂರನೇ ಸಲ ಹೋದಾಗ ಅವನಿಗೆ ಒಂದು ಹಕ್ಕಿ ಸಿಕ್ಕಿತಂತೆ. ಅದನ್ನು ಅತ್ತಿಗೆ ಮೆಣಸಿನ ಸಾರು ಮಾಡಿದರಂತೆ.

ಈ ಮಾತು ಕೇಳಿ ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಇದೇ ಮಾತನ್ನು ಅಪ್ಪ ನಮಗೆ ಚಿಕ್ಕಂದಿನಲ್ಲಿ ಹೇಳುತ್ತಿದ್ದರು. ದೀಪಾವಳಿ ಪಟಾಕಿಗೂ ಇದೇ ನಿಯಮ. "ಟುಸ್ ಅಂದ್ರೆ ಮುಟ್ಟಬೇಡ. ನೂರು ಎಣಿಸು." ಯಾಕೆ ಅಷ್ಟು ಸಿಟ್ಟಿನಿಂದ ಹೇಳುತ್ತಿದ್ದರೋ ನಮಗೆ ಗೊತ್ತಿರಲಿಲ್ಲ.

ಮರುದಿನ ಹೊಳೆಬದಿ ಮಾವನಿಗೆ ಹೇಳಿ ಕಳಿಸಿದೆವು. ಅವರು ನಮ್ಮ ನೆಂಟರಲ್ಲ, ಬಾಯಿ ಮಾತಿಗೆ ಮಾವ. ಅವರ ಅಪ್ಪ ನಮ್ಮ ಅಜ್ಜಯ್ಯನ ಗೇಣಿದಾರರು. 1974ರಲ್ಲಿ ಭೂ ಸುಧಾರಣೆ ಕಾನೂನಿಗೆ ತಿದ್ದುಪಡಿ ಬಂದ ಮೇಲೆ ಹೊಳೆಬದಿಯ ಗದ್ದೆ ಅವರದೇ ಆಯಿತು. ಈಗ ಅಲ್ಲೇ ಮೇಲೆ ಅಡಿಕೆ ಹಾಕಿದ್ದಾರೆ. ಅವರಿಗೂ ಕೇಪಿನ ಕೋವಿ ಇದೆ, ಸ್ವಂತ ಲೈಸೆನ್ಸ್ ಇದೆ. ಅವರ ಹೆಸರು ಬರೆಯುವುದು ಅವರಿಗೆ ಇಷ್ಟವಿಲ್ಲ. ಉಳಿದದ್ದು ಬರೆಯಿರಿ ಅಂದಿದ್ದಾರೆ.

ಮಾವ ಬಂದವರೇ ಒಂದು ಚೊಂಬು ನೀರು ಕೇಳಿದರು. ಮೊದಲು ಕೇಪು ಕೂರಿಸುವ ಕೊಳವೆಯ ಕಡೆಯಿಂದ ಹನಿ ಹನಿ ನೀರು ಬಿಟ್ಟರು. ಆಮೇಲೆ ನಳಿಗೆ ಬಾಯಿಂದ ಸುರಿದರು. "ನೆನೀಲಿ. ಆತುರ ಮಾಡಬಾರದು" ಅಂತ ಜಗಲಿ ಮೇಲೆ ಕೂತು ಎಲೆಅಡಿಕೆ ಹಾಕಿದರು. ಒಂದು ಗಂಟೆ ಬಿಟ್ಟು, ಗಜದ ತುದಿಗೆ ತಿರುಪಿನಂಥ ಕೊಕ್ಕೆ ಹಾಕಿ ಒಳಗೆ ಬಿಟ್ಟು ತಿರುಗಿಸಿ ಎಳೆದರು. ಅಷ್ಟು ಹೊತ್ತೂ ನಳಿಗೆ ಬಾಯಿಗೆ ಮುಖ ಕೊಡದೆ ಪಕ್ಕಕ್ಕೇ ಕೂತಿದ್ದರು.

ಮೊದಲು ಒದ್ದೆ ಕತ್ತ ಬಂತು. ಸ್ಟೀಲ್ ತಟ್ಟೆ ಹಿಡಿದಿದ್ದೆವು. ಅವರು ನಳಿಗೆ ಬಗ್ಗಿಸಿದರು.

ಟಣ ಟಣ ಅಂತ ಚರೆ ಬಿದ್ದವು.

ಬರೀ ಶಬ್ದಕ್ಕೆ ಅನ್ನುತ್ತಿದ್ದರಲ್ಲ ಅಪ್ಪ. ತಟ್ಟೆಯಲ್ಲಿ ಬಿದ್ದಿದ್ದನ್ನು ನಾವು ಎಣಿಸಿದೆವು. ಸುಮ್ಮನೆ ಕೂರಲಾಗದೆ ಎಣಿಸಿದ್ದು ಅಷ್ಟೇ. ಅರವತ್ತೆರಡು. ಅದರ ಕೆಳಗೆ ಇನ್ನೊಂದು ಕತ್ತದ ಬಿಲ್ಲೆ, ಕೊನೆಗೆ ಮಸಿಯಂಥ ಕಪ್ಪು ಕೆಸರು.

ಅಮ್ಮ ಆಗ ಬಾಯಿ ಬಿಟ್ಟರು. ಆ ಬೇಸಿಗೆಯಲ್ಲಿ ಮಂಗಗಳು ಎಳೆ ಅಡಿಕೆಯನ್ನು ಚೀಪಿ ಚೀಪಿ ಮರದ ಬುಡದಲ್ಲಿ ರಾಶಿ ಹಾಕಿದ್ದವು. ಬಾಳೆಗೊನೆ ಒಂದೂ ಉಳಿದಿರಲಿಲ್ಲ. ಶಬ್ದಕ್ಕೆ ಅವು ಹೆದರುವುದನ್ನೇ ಬಿಟ್ಟಿದ್ದವು. ಅಪ್ಪ ಎರಡು ರಾತ್ರಿ ನಿದ್ದೆ ಮಾಡದೆ ಮೂರನೇ ದಿನ ಚರೆ ಡಬ್ಬಿ ಹುಡುಕಿ ತೆಗೆದರು. ತೋಟಕ್ಕೆ ಹೋಗಿ ಅರ್ಧ ದಿನ ಕೂತು, ಹೊಡೆಯದೆ ವಾಪಸ್ ಬಂದರು. ಯಾಕೆ ಹೊಡೆಯಲಿಲ್ಲ ಅಂತ ಅಮ್ಮ ಕೇಳಲಿಲ್ಲ, ಅವರೂ ಹೇಳಲಿಲ್ಲ. ತುಂಬಿದ ಈಡು ತುಂಬಿದ ಹಾಗೇ ಗೋಡೆಗೆ ಹೋಯಿತು.

ಹೊಳೆಬದಿ ಮಾವ ಚರೆಗಳನ್ನು ಬೆರಳಲ್ಲಿ ಸರಿಸುತ್ತಾ ಕೂತಿದ್ದರು. ಆಮೇಲೆ ಕೇಳಿದರು: "ನಿಮ್ಮ ಅಜ್ಜಯ್ಯ ಹಂದಿ ನಕ್ಕಿದ ಕಥೆ ಹೇಳ್ತಿದ್ರಲ್ಲ, ನೆನಪಿದೆಯಾ?"

ನೆನಪಿಲ್ಲದೆ ಏನು? ನಮ್ಮ ಮನೆಯಲ್ಲಿ ಹಬ್ಬ ಅಂದರೆ ಆ ಕಥೆ ಇರಲೇಬೇಕು. 1960ರ ದಶಕದ ಮಾತು. ಸಣ್ಣ ಮಳೆ. ಹಂದಿ ಶಿಕಾರಿ. ಅಜ್ಜಯ್ಯ ದಾರಿ ಕಾದು ನಿಂತಿದ್ದಾರೆ. ಕೆಳಗಿನಿಂದ ಹಳು ನುಗ್ಗುವವರು ಕೂಗು ಹಾಕುತ್ತಾ ಬರುತ್ತಿದ್ದಾರೆ. ಹಂದಿ ಬಂದೇ ಬಂತು, ಎದುರಿಗೇ. ಅಜ್ಜಯ್ಯ ಗುರಿ ಹಿಡಿದು ಎಳೆದರು. ಟಕ್! ಕೇಪು ಹೊಡೆಯಿತು, ಈಡು ಹಾರಲಿಲ್ಲ. ಹಂದಿ ನಿಂತು, ಅಜ್ಜಯ್ಯನನ್ನು ನೋಡಿ ನಕ್ಕು ಹೋಯಿತು. ಅಜ್ಜಯ್ಯ ಹಂದಿ ನಗುವುದನ್ನು ಮಾಡಿ ತೋರಿಸುತ್ತಿದ್ದರು. ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದೆವು. ಅಲ್ಲಿಗೆ ಕಥೆ ಮುಗಿಯುತ್ತಿತ್ತು.

"ಈಡು ಹಾರಿತ್ತು," ಅಂದರು ಮಾವ. "ಸ್ವಲ್ಪ ತಡವಾಗಿ."

ಮಳೆಗೆ ಮದ್ದು ತೇವ ಆಗಿತ್ತು. ಕೇಪಿನ ಬೆಂಕಿ ಒಳಗೆ ಹೋಗಿ ಕನಲುತ್ತಿತ್ತು. ಕೇಪು ಸುಳ್ಳಾಯಿತು ಅಂತ ಅಜ್ಜಯ್ಯ ಇನ್ನೊಂದು ಕೇಪು ಹಾಕಲು ಕೋವಿ ಕೆಳಗಿಳಿಸಿದರು. ಅದೇ ಹೊತ್ತಿಗೆ ಹಳುವಿನಿಂದ ಮಾವನ ಅಪ್ಪ ಹೊರಗೆ ಬಂದರು. ದಪ್ಪ ಚರೆ ಅವರ ಬಲಮಂಡಿಗೆ ಹೋದವು.

ಕಂಬಳಿಯಲ್ಲಿ ಹೊತ್ತು ಆಸ್ಪತ್ರೆಗೆ ತಗೊಂಡು ಹೋದರು. ಜೀವ ಉಳಿಯಿತು. ಮಂಡಿ ಮಡಚಲು ಬರಲಿಲ್ಲ. ಕೇಸ್ ಆಗಲಿಲ್ಲ. ಬಿದ್ದು ಪೆಟ್ಟಾಯಿತು ಅಂತ ಹೇಳಿದರಂತೆ. ಧಣಿಗಳ ಮನೆ, ಅವರದೇ ಗದ್ದೆ, ಇನ್ನೇನು ಹೇಳುತ್ತಾರೆ. ಪ್ರತಿ ದೀಪಾವಳಿಗೆ ನಮ್ಮ ಮನೆಯಿಂದ ಅವರ ಮನೆಗೆ ಒಂದು ಮೂಟೆ ಅಕ್ಕಿ ಹೋಗುತ್ತಿತ್ತು. ಹೊಳೆಬದಿ ಅಜ್ಜ ಕುಂಟುತ್ತಾ ಬಂದು ಜಗಲಿಯಲ್ಲಿ ಕೂರುತ್ತಿದ್ದುದು ನಮಗೂ ಮಸುಕು ಮಸುಕಾಗಿ ನೆನಪಿದೆ. ಕಾಲು ಯಾಕೆ ಹಾಗೆ ಅಂತ ನಾವು ಯಾವತ್ತೂ ಕೇಳಿರಲಿಲ್ಲ. ಪ್ರಶ್ನೆ ಕೇಳುವುದನ್ನೇ ಓದಿ ಪದವಿ ಪಡೆದವರು ನಾವು.

"ಆ ಕಥೆ ಹೇಳುವಾಗ ನಿಮ್ಮಪ್ಪ ಅಲ್ಲೇ ಕೂತಿರ್ತಿದ್ರಾ?" ಅಂತ ಕೇಳಿದೆವು.

"ಕೂತಿರ್ತಿದ್ರು. ಎಲ್ಲರೂ ನಕ್ಕಾಗ ಅವರೂ ನಗ್ತಿದ್ರು."

ತುಂಬ ಹೊತ್ತು ಯಾರೂ ಮಾತಾಡಲಿಲ್ಲ. ಹೊರಗೆ ಮಳೆ ಹೊಡೆಯುತ್ತಿತ್ತು. ಮಾವ ತಟ್ಟೆಯ ನೀರು ಚೆಲ್ಲಿ, ಚರೆ ಒಂದು ಕಾಗದಕ್ಕೆ ಕಟ್ಟಿಕೊಟ್ಟರು.

ನಮ್ಮ ಜಗಳದ ವಿಷಯ ಈಗ ಹೇಳುತ್ತೇವೆ. ಅಕ್ಕನ ಮಾತು: ಕೋವಿ ಸರ್ಕಾರಕ್ಕೆ ಒಪ್ಪಿಸಿಬಿಡೋಣ. ಈ ಮನೆಯಲ್ಲಿ ಅದರ ಕಾಲ ಮುಗಿಯಿತು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ಬೆಳೆ ರಕ್ಷಣೆಯ ಲೈಸೆನ್ಸ್ ಇದ್ದ ಮಾತ್ರಕ್ಕೆ ಪ್ರಾಣಿ ಕೊಲ್ಲಲು ಅನುಮತಿ ಸಿಕ್ಕ ಹಾಗಲ್ಲ. ಅಣ್ಣನ ಊರಲ್ಲಿ ಹಕ್ಕಿ ಸಾಕಿ ಬಿಟ್ಟು, ಎಣಿಸಿ, ಹೊಡೆಯಲು ಬಿಡುತ್ತಾರೆ. ಅಲ್ಲಿ ಅದು ಹವ್ಯಾಸ. ಇಲ್ಲಿ ಸಿಟ್ಟು ಬಂದ ಒಂದು ದಿನ ಅಪ್ಪನಂಥ ಅಪ್ಪನೇ ಚರೆ ತುಂಬಿದರು. ನಮಗೆ ಸಿಟ್ಟು ಬರುವುದಿಲ್ಲ ಅಂತ ಏನು ಗ್ಯಾರಂಟಿ?

ತಮ್ಮನ ಮಾತು: ಶಿವಮೊಗ್ಗದಲ್ಲಿ ಕೂತು ಹೇಳುವುದು ಸುಲಭ. ಮಂಗ ತೋಟಕ್ಕೆ ಬಂದಾಗ ತಗಡು ಬಡಿದು ಬಡಿದು ಕೈ ಸೋತಿದೆ. 'ಕೋವಿ ಇರುವ ಮನೆ' ಅಂದರೆ ಕಾಡು ಹಂದಿಗೆ ಗೊತ್ತಾಗುವುದಿಲ್ಲ ನಿಜ, ಆದರೆ ರಾತ್ರಿ ಒಬ್ಬನೇ ತೋಟಕ್ಕೆ ಹೋಗುವವನಿಗೆ ಧೈರ್ಯ ಅನ್ನುವುದೂ ಬೇಕು. ಕೊಡಗಿನಲ್ಲಿ ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ಲೈಸೆನ್ಸಿನಿಂದಲೇ ವಿನಾಯಿತಿ ಇದೆ. ನಾವು ಲೈಸೆನ್ಸ್ ಕೇಳಿಕೊಂಡೇ ಇಟ್ಟುಕೊಂಡರೆ ತಪ್ಪೇನು? ಒಮ್ಮೆ ಬಿಟ್ಟರೆ ಮತ್ತೆ ಸಿಗುತ್ತದಾ?

ಎರಡು ದಿನ ಇದೇ ಆಯಿತು. ಕೊನೆಗೆ ಹೊಳೆಬದಿ ಮಾವನನ್ನೇ ಕೇಳಿದೆವು. ಈ ಕೋವಿಯ ಬಗ್ಗೆ ಮಾತಾಡುವ ಹಕ್ಕು ನಮಗಿಂತ ಅವರಿಗೆ ಹೆಚ್ಚು ಅನ್ನಿಸಿತು.

ಅವರು ನಕ್ಕರು. "ಇಟ್ಕೊಳ್ಳೋದು, ಬಿಡೋದು ನಿಮಗೆ ಬಿಟ್ಟಿದ್ದು. ನಾನೂ ಇಟ್ಕೊಂಡಿದೀನಿ. ಕೋವಿ ಮೇಲೆ ನಂಗೆ ಸಿಟ್ಟಿಲ್ಲ. ಲೈಸೆನ್ಸ್ ಬಂದ ದಿನ ನಮ್ಮಪ್ಪ ಎರಡೇ ಮಾತು ಹೇಳಿದ್ರು. ಟಕ್ ಅಂದ್ರೆ ಇಳಿಸಬೇಡ. ಹಳುವಿಗೆ ಯಾರನ್ನೂ ನುಗ್ಗಿಸಬೇಡ." ಸ್ವಲ್ಪ ತಡೆದು ಮತ್ತೆ ಹೇಳಿದರು: "ಒಂದೇ ಒಂದು ಕೇಳ್ತೀನಿ. ಇನ್ನು ಆ ಕಥೆ ಹೇಳುವಾಗ ಟಕ್ ಅಂದಲ್ಲಿಗೇ ನಿಲ್ಲಿಸಬೇಡಿ. ನಮ್ಮಪ್ಪನ ಕಾಲನ್ನೂ ಸೇರಿಸಿ ಹೇಳಿ."

ಅದಕ್ಕೇ ಈ ಬರಹ. ಅಜ್ಜಯ್ಯ ಈಗಿಲ್ಲ, ಹೊಳೆಬದಿ ಅಜ್ಜನೂ ಇಲ್ಲ. ಕಥೆಯ ಉಳಿದ ಅರ್ಧ ಅರವತ್ತು ವರ್ಷ ತಡವಾಗಿ ಹೇಳುತ್ತಿದ್ದೇವೆ. ಅಪ್ಪನ ಅರವತ್ತೆರಡು ಚರೆಯನ್ನೂ ಸೇರಿಸಿಯೇ ಹೇಳುತ್ತಿದ್ದೇವೆ. ಅಪ್ಪನ ಬಗ್ಗೆ ಯಾಕೆ ಬರೆಯಬೇಕು ಅಂತ ಅಮ್ಮನಿಗೆ ಮೊದಲು ಬೇಸರ ಆಯಿತು. ಆಮೇಲೆ, "ಹೊಡೀದೇ ಬಂದ್ರು ಅಂತಲೂ ಬರೀರಿ" ಅಂದರು. ಬರೆದಿದ್ದೇವೆ.

ನಿಮ್ಮ ಮನೆಯಲ್ಲೂ ಇಂಥ ಕೋವಿ ಇದ್ದರೆ ಮೂರು ಮಾತು ನೆನಪಿಡಿ. ಲೈಸೆನ್ಸ್ ಇದ್ದವರು ತೀರಿಕೊಂಡರೆ ಕೋವಿಯನ್ನು ಮನೆಯಲ್ಲಿ ಹಾಗೇ ಇಟ್ಟುಕೊಳ್ಳುವಂತಿಲ್ಲ. ಠಾಣೆಯಲ್ಲಿ ಇಲ್ಲವೇ ಪರವಾನಗಿ ಇರುವ ಬಂದೂಕು ಅಂಗಡಿಯಲ್ಲಿ ಜಮಾ ಮಾಡಿ ರಸೀದಿ ತಗೊಳ್ಳಬೇಕು. ವಾರಸುದಾರರಿಗೆ ಬೇಕಿದ್ದರೆ ತಮ್ಮ ಹೆಸರಿಗೆ ಲೈಸೆನ್ಸ್ ಕೇಳಿ ಅರ್ಜಿ ಹಾಕಬಹುದು. ಮತ್ತೆ, ಗೋಡೆಯಿಂದ ಇಳಿಸುವ ಮೊದಲು ಅದು ತುಂಬಿದೆ ಅಂತಲೇ ತಿಳಿಯಿರಿ. ಖಾಲಿ ಮಾಡಲು ನೀವೇ ಹೋಗಬೇಡಿ, ಗೊತ್ತಿರುವ ಲೈಸೆನ್ಸ್‌ದಾರರನ್ನು ಕರೆಯಿರಿ.

ನಾವು ತಮ್ಮನ ಹೆಸರಿಗೆ ಅರ್ಜಿ ಹಾಕಿದ್ದೇವೆ. ಅಕ್ಕ ಒಪ್ಪಿದ್ದು ಒಂದು ಷರತ್ತಿನ ಮೇಲೆ: ಚರೆ ಡಬ್ಬಿ ಮನೆಯಲ್ಲಿರಬಾರದು. ಡಬ್ಬಿ, ಕಾಗದದ ಪೊಟ್ಟಣ ಎರಡೂ ಈಗ ಮನೆಯಲ್ಲಿಲ್ಲ. ಲೈಸೆನ್ಸ್ ಸಿಗುತ್ತದೋ ಇಲ್ಲವೋ ನೋಡಬೇಕು. ಮಂಗಗಳು ಅದಕ್ಕಾಗಿ ಕಾಯುತ್ತಿಲ್ಲ. ಮೊನ್ನೆಯೂ ಬಂದಿದ್ದವು, ತಮ್ಮ ತಗಡು ಬಡಿದ.

ಕೋವಿ ಜಮಾ ಮಾಡಲು ಹೋಗುವ ಹಿಂದಿನ ರಾತ್ರಿ ಅಣ್ಣ ಮತ್ತೆ ಫೋನ್ ಮಾಡಿದ್ದ. ಅವನು ಹೇಳಿದ ಹಾಗೆ ಖಾಲಿ ನಳಿಗೆಯಲ್ಲಿ ಗಜ ಇಳಿಸಿ, ಬಾಯಿಯ ಮಟ್ಟಕ್ಕೆ ಚಾಕುವಿನಿಂದ ಒಂದು ಗೆರೆ ಕೊರೆದೆವು. ನಾಲ್ಕು ಬೆರಳು ಬಿಟ್ಟು ಇನ್ನೊಂದು.

ಠಾಣೆಯಲ್ಲಿ ಅದನ್ನು ನೋಡಿ, "ಇದೇನಿದು ಗೆರೆ?" ಅಂತ ಕೇಳಿದರು. ಹೇಳಿದೆವು. ಅವರು ತಾವೇ ಕೋವಿ ತಗೊಂಡು, ಬಾಯಿ ಮೇಲೆ ಮಾಡಿ ನಿಲ್ಲಿಸಿ, ಗಜ ಬಿಟ್ಟು ನೋಡಿದರು. ಠಣ್ ಅಂತು. ಖಾಲಿ ಗೆರೆ ಬಾಯಿಗೆ ಸರಿಯಾಗಿ ನಿಂತಿತು. ರಸೀದಿ ಬರೆದು ಕೊಟ್ಟರು.